ಒಂದೇ ಸ್ಕ್ರೂಜ್, ಮೂರು ಕಾರ್ಟೂನ್: ಕತ್ತರಿ ಎಲ್ಲಿ ಬಿತ್ತು?

ಪ್ರಶ್ನೆ: ಕ್ರಿಸ್ಮಸ್ ರಜೆಯಲ್ಲಿ ಏಳು ವರ್ಷದ ಮಗನ ಜೊತೆ ಕೂತು ‘ಎ ಕ್ರಿಸ್ಮಸ್ ಕ್ಯಾರಲ್’ ಕಥೆಯ ಎರಡು ಕಾರ್ಟೂನ್ ನೋಡಿದೆ. ಒಂದು ಮಿಕ್ಕಿ ಮೌಸ್ ಇರುವುದು. ಇನ್ನೊಂದು 1971ರದ್ದು, ಹಳೇ ಪುಸ್ತಕದ ಚಿತ್ರಗಳ ಹಾಗೆ ಗೀಚಿ ಗೀಚಿ ಬರೆದದ್ದು. ಮೊದಲನೆಯದಕ್ಕೆ ಮಗ ನಕ್ಕ. ಎರಡನೆಯದರಲ್ಲಿ ಭೂತ ಬಾಯಿ ತೆರೆದದ್ದೇ ತಡ, ನನ್ನ ಮಡಿಲಲ್ಲಿ ಮುಖ ಮುಚ್ಚಿಕೊಂಡ. ಎರಡು ರಾತ್ರಿ ಲೈಟ್ ಆರಿಸಲು ಬಿಡಲಿಲ್ಲ. ಕಥೆ ಒಂದೇ, ಎರಡೂ ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಆದರೂ ಇಷ್ಟು ಬೇರೆ ಬೇರೆ ಯಾಕೆ? ಮೂಲಕ್ಕೆ ಯಾವುದು ಹತ್ತಿರ? ಇನ್ನೊಂದು ಕಾರ್ಟೂನ್‌ನಲ್ಲಿ ಭೂತಗಳು ಬರುವ ಸರದಿಯೇ ಬೇರೆ ಎಂದು ತಂಗಿ ಹೇಳುತ್ತಾಳೆ, ನಿಜವಾ? ಮಕ್ಕಳಿಗೆ ಯಾವುದನ್ನು ಮೊದಲು ತೋರಿಸಬೇಕು?

ಉತ್ತರ:

ಮೊದಲು ನಿಮ್ಮ ಮಗನ ವಿಷಯ. ಅವನು ಹೆದರಿದ್ದು ಹೆದರಬೇಕಾದ ಜಾಗದಲ್ಲೇ.

ಸ್ಕ್ರೂಜ್ ಅಂದರೆ ಜಿಪುಣ ಮುದುಕ. ಕ್ರಿಸ್ಮಸ್ ಹಿಂದಿನ ರಾತ್ರಿ ಒಂದು ಭೂತ ಬಂದು ಎಚ್ಚರಿಸುತ್ತದೆ, ಆಮೇಲೆ ಹಿಂದಿನ, ಇಂದಿನ, ಮುಂದಿನ ಕ್ರಿಸ್ಮಸ್ಸಿನ ಮೂರು ಭೂತಗಳು ಬಂದು ಅವನ ಮನಸ್ಸು ಬದಲಿಸುತ್ತವೆ. ಇದೇ ಕಥೆ. ಪುಸ್ತಕದಲ್ಲಿ ಮೊದಲು ಸ್ಕ್ರೂಜ್‌ನ ಸತ್ತುಹೋದ ಪಾಲುದಾರ ಮಾರ್ಲಿ ಸರಪಳಿ ಎಳೆದುಕೊಂಡು ಬರುತ್ತಾನೆ. ಗದ್ದದ ಕೆಳಗಿಂದ ತಲೆಯ ಸುತ್ತ ಒಂದು ಬಟ್ಟೆ ಕಟ್ಟಿರುತ್ತದೆ. ಸ್ಕ್ರೂಜ್ ನಂಬುವುದಿಲ್ಲ. ಅರಗದ ಮಾಂಸದ ಚೂರೋ, ಸರಿಯಾಗಿ ಬೇಯದ ಆಲೂಗಡ್ಡೆಯೋ ಹೊಟ್ಟೆಯಲ್ಲಿ ಕೂತು ಹೀಗೆಲ್ಲ ಕಾಣಿಸುತ್ತಿದೆ ಎಂದು ತಮಾಷೆ ಮಾಡುತ್ತಾನೆ. ಆಗ ಭೂತ ಕಿರುಚುತ್ತದೆ, ಸರಪಳಿ ಅಲ್ಲಾಡಿಸುತ್ತದೆ, ಕೊನೆಗೆ ಆ ಬಟ್ಟೆ ಬಿಚ್ಚುತ್ತದೆ. ಕೆಳದವಡೆ ಎದೆಯ ಮೇಲೆ ಜೋತುಬೀಳುತ್ತದೆ. ಸ್ಕ್ರೂಜ್ ಮಂಡಿಯೂರುತ್ತಾನೆ.

ನಮ್ಮಲ್ಲೂ ಹೆಣದ ಗದ್ದಕ್ಕೆ ಬಟ್ಟೆ ಕಟ್ಟುತ್ತಾರಲ್ಲ, ಬಾಯಿ ತೆರೆದುಕೊಳ್ಳಬಾರದು ಅಂತ. ಅದೇ ಇದು. ಮನೆಯಲ್ಲಿ ಸಾವು ಕಂಡವರಿಗೆ ಆ ಬಟ್ಟೆ ಏನೆಂದು ತಕ್ಷಣ ಗೊತ್ತಾಗುತ್ತದೆ. ಏಳು ವರ್ಷದ ಹುಡುಗನಿಗೆ ಗೊತ್ತಿಲ್ಲ. ಅವನಿಗೆ ಕಂಡದ್ದು ಇದ್ದಕ್ಕಿದ್ದಂತೆ ಕಳಚಿ ಬಿದ್ದ ಒಂದು ಬಾಯಿ, ಅಷ್ಟೇ. 1971ರ ಚಿತ್ರ ಈ ಸಾಲನ್ನು ಬಿಡದೆ ತೆರೆಗೆ ತಂದಿತು. ಮಿಕ್ಕಿ ಚಿತ್ರದಲ್ಲಿ ಮಾರ್ಲಿಯ ವೇಷ ಹಾಕಿದ್ದು ಮಿಕ್ಕಿಯ ಪೆದ್ದು ಗೆಳೆಯ ಗೂಫಿ. ಅವನು ಎಚ್ಚರಿಕೆ ಕೊಟ್ಟು ಹೊರಟವನು ಮೆಟ್ಟಿಲಿಂದ ಉರುಳುತ್ತಾನೆ. ಎರಡೂ ಒಂದೇ ದೃಶ್ಯ. ಒಂದು ಹೆದರಿಕೆಯನ್ನು ಉಳಿಸಿಕೊಂಡಿತು, ಇನ್ನೊಂದು ಅದನ್ನು ನಗುವಿಗೆ ಮಾರಿಕೊಂಡಿತು. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಇಲ್ಲಿಂದಲೇ ಶುರು.

ನಾನು ಹಲವು ವರ್ಷ ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸ್ಟೋರಿಬೋರ್ಡ್, ಅಂದರೆ ಕಾರ್ಟೂನಿನ ಒಂದೊಂದು ದೃಶ್ಯವನ್ನೂ ಮೊದಲೇ ತೋರಿಸುವ ಕರಡು ಚಿತ್ರ, ಬರೆದವನು. ದೊಡ್ಡ ಕಥೆಯನ್ನು ಸಣ್ಣ ಡಬ್ಬಿಗೆ ತುಂಬುವುದೇ ನನ್ನ ಕೆಲಸವಾಗಿತ್ತು. ಹಾಗಾಗಿ ಎಷ್ಟು ಕತ್ತರಿಸಿದರು ಎಂದು ನಾನು ಕೇಳುವುದಿಲ್ಲ. ಎಲ್ಲಿ ಕತ್ತರಿಸಿದರು ಅನ್ನುವುದನ್ನು ನೋಡುತ್ತೇನೆ.

ಈ ಪುಸ್ತಕ ದೊಡ್ಡದೇನಲ್ಲ. ಸುಮಾರು 28 ಸಾವಿರ ಪದ. ಚಾರ್ಲ್ಸ್ ಡಿಕನ್ಸ್ ಇದನ್ನು 1843ರಲ್ಲಿ ಆರು ವಾರದಲ್ಲಿ ಬರೆದು ಮುಗಿಸಿದ. ಡಿಸೆಂಬರ್ 19ಕ್ಕೆ ಅಂಗಡಿಗೆ ಬಂತು. ಮೊದಲ ಮುದ್ರಣದ 6 ಸಾವಿರ ಪ್ರತಿ ಕ್ರಿಸ್ಮಸ್ ಹಿಂದಿನ ದಿನಕ್ಕೆಲ್ಲ ಖಾಲಿ. ಚಿನ್ನದ ಅಂಚು, ಜಾನ್ ಲೀಚ್ ಬರೆದ ಚಿತ್ರಗಳು, ಅವುಗಳಲ್ಲಿ ನಾಲ್ಕಕ್ಕೆ ಕೈಯಲ್ಲೇ ಬಣ್ಣ. ಬೆಲೆ 5 ಶಿಲ್ಲಿಂಗ್. ಕಥೆಯೊಳಗಿನ ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಸಂಬಳ ವಾರಕ್ಕೆ 15 ಶಿಲ್ಲಿಂಗ್. ಅಂದರೆ ತನ್ನದೇ ಕಥೆಯ ಪುಸ್ತಕ ಕೊಳ್ಳಬೇಕಾದರೆ ಬಾಬ್ ವಾರದ ಸಂಬಳದಲ್ಲಿ ಮೂರನೇ ಒಂದು ಪಾಲು ಬಿಚ್ಚಬೇಕಿತ್ತು! ಇಷ್ಟು ಚೆಂದಕ್ಕೆ ಖರ್ಚು ಮಾಡಿದ್ದರಿಂದ ಡಿಕನ್ಸ್‌ಗೂ ಕೈಗೆ ಹೆಚ್ಚೇನೂ ಹತ್ತಲಿಲ್ಲ. ಸಾವಿರ ಪೌಂಡ್ ಬರುತ್ತದೆ ಅಂದುಕೊಂಡವನಿಗೆ ಮೊದಲ ಲೆಕ್ಕದಲ್ಲಿ ಸಿಕ್ಕಿದ್ದು 230 ಪೌಂಡ್.

ಕತ್ತರಿ ಹಾಕಿದವರಲ್ಲಿ ಡಿಕನ್ಸ್ ಕೂಡ ಒಬ್ಬ, ಇದು ಬಹಳ ಜನಕ್ಕೆ ಗೊತ್ತಿಲ್ಲ. 1853ರ ಡಿಸೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಊರಿನಲ್ಲಿ ಆತ ಈ ಕಥೆಯನ್ನು ಜನರ ಮುಂದೆ ಗಟ್ಟಿಯಾಗಿ ಓದಿದ. ಸುಮಾರು ಮೂರು ಗಂಟೆ ಹಿಡಿಯಿತು. ಆಮೇಲೆ ಊರೂರಲ್ಲಿ ಓದುತ್ತಾ ಹೋದ ಹಾಗೆ ತನ್ನ ಪ್ರತಿಯಲ್ಲಿ ತಾನೇ ಗೆರೆ ಹೊಡೆದು, ಪುಟಗಟ್ಟಲೆ ಬಿಟ್ಟು, ಸಮಯ ಇಳಿಸಿದ. ಸಭೆ ಎಲ್ಲಿ ಸುಮ್ಮನಾಗುತ್ತದೆ, ಎಲ್ಲಿ ಆಕಳಿಸುತ್ತದೆ ಎಂದು ಅವನಿಗೆ ಎದುರಿಗೇ ಕಾಣುತ್ತಿತ್ತಲ್ಲ. ಕರಾವಳಿಯಲ್ಲಿ ರಾತ್ರಿಯಿಡೀ ಆಡುತ್ತಿದ್ದ ಯಕ್ಷಗಾನ ಪ್ರಸಂಗವನ್ನು ಕಾಲಮಿತಿ ಎಂದು ಮೂರು ಗಂಟೆಗೆ ಇಳಿಸಿದಾಗಲೂ ಇದೇ ಲೆಕ್ಕ. ಕುಣಿತ ಕಡಿಮೆ ಮಾಡಬಹುದು, ಮಾತು ಕಡಿಮೆ ಮಾಡಬಹುದು. ಬೇಡದ ಜಾಗದಲ್ಲಿ ಒಂದು ಪದ್ಯ ಎತ್ತಿಬಿಟ್ಟರೆ ಮುಂದಿನ ಪಾತ್ರ ಯಾಕೆ ಅಳುತ್ತಿದೆ ಎಂದೇ ಗೊತ್ತಾಗುವುದಿಲ್ಲ.

ಇನ್ನು ಅರ್ಧ ಗಂಟೆ ಯಾಕೆ? ಇದರಲ್ಲಿ ಗುಟ್ಟೇನಿಲ್ಲ. ಟಿವಿಯಲ್ಲಿ ಅರ್ಧ ಗಂಟೆಯ ಜಾಗ ಅಂದರೆ ಜಾಹೀರಾತು ಕಳೆದು ಇಪ್ಪತ್ತೈದು ನಿಮಿಷದ ಆಸುಪಾಸು. ಅದಕ್ಕೂ ದುಡ್ಡು ಬೇಕು. ಒಂದು ಸೆಕೆಂಡಿಗೆ 24 ಫ್ರೇಮ್. 25 ನಿಮಿಷಕ್ಕೆ 36 ಸಾವಿರ. ನಾವು ‘ಟೂಸ್’ ಅನ್ನುತ್ತೇವೆ, ಅಂದರೆ ಒಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸುವುದು. ಹಾಗೆ ಉಳಿತಾಯ ಮಾಡಿದರೂ ಒಂದು ಪಾತ್ರ ಉದ್ದಕ್ಕೂ ಅಲ್ಲಾಡುತ್ತಿದ್ದರೆ 18 ಸಾವಿರ ಚಿತ್ರ ಬೇಕು. ಕೈಯಲ್ಲಿ ಬರೆಯುತ್ತಿದ್ದ ಕಾಲದ ಮಾತು ಇದು. ಹಾಗಾಗಿ ನಿರ್ಮಾಪಕರಿಗೆ ಒಂದೊಂದು ನಿಮಿಷವೂ ಭಾರ. ಇಪ್ಪತ್ತೈದು ನಿಮಿಷ ಎಡೆಬಿಡದೆ ಪುಸ್ತಕ ಓದಿದರೂ ನಾಲ್ಕು ಸಾವಿರ ಪದ ದಾಟುವುದಿಲ್ಲ. ಉಳಿದ 24 ಸಾವಿರ ಪದದ ಕೆಲಸವನ್ನು ಚಿತ್ರವೇ ಮಾಡಬೇಕು.

ಈ ಕಥೆ ಟಿವಿಗೆ ಒಗ್ಗುತ್ತದೆ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ಕ್ಯಾರಲ್ ಅಂದರೆ ಕ್ರಿಸ್ಮಸ್ ಹಾಡು. ಅದಕ್ಕೆ ಡಿಕನ್ಸ್ ಐದು ಅಧ್ಯಾಯಗಳನ್ನು ಹಾಡಿನ ಐದು ನುಡಿ ಎಂದೇ ಕರೆದ. ಒಂದು ನುಡಿಗೆ ಮಾರ್ಲಿ, ಮೂರು ನುಡಿಗೆ ಮೂರು ಭೂತ, ಕೊನೆಯದಕ್ಕೆ ಬೆಳಗು. ಗಡಿಯಾರ ಹೊಡೆಯುತ್ತದೆ, ಹೊಸಬರು ಬರುತ್ತಾರೆ. ಜಾಹೀರಾತು ಹಾಕಲು ಹೇಳಿ ಮಾಡಿಸಿದ ಹಾಗಿದೆ.

ನಿಮ್ಮ ತಂಗಿ ಹೇಳಿದ್ದು ನಿಜ. ಅವರು ನೋಡಿದ್ದು ‘ಮಿಸ್ಟರ್ ಮಗೂಸ್ ಕ್ರಿಸ್ಮಸ್ ಕ್ಯಾರಲ್’ ಇರಬೇಕು. 1962ರ ಡಿಸೆಂಬರ್‌ನಲ್ಲಿ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ಬಂತು. ಟಿವಿಗೆಂದೇ ಮಾಡಿದ ಮೊದಲ ಅನಿಮೇಶನ್ ಕ್ರಿಸ್ಮಸ್ ಸ್ಪೆಷಲ್ ಇದೇ. ಒಂದು ಗಂಟೆಯ ಜಾಗ ಸಿಕ್ಕಿದ್ದರಿಂದ ಉಸಿರಾಡಲು ಸ್ವಲ್ಪ ಪುರುಸೊತ್ತಿದೆ. ಮಗೂ ಅಂದರೆ ಕಣ್ಣು ಸರಿಯಾಗಿ ಕಾಣದ, ಕಾಣದು ಎಂದು ಒಪ್ಪಿಕೊಳ್ಳದ ಮುದುಕ. ಅವನು ನ್ಯೂಯಾರ್ಕಿನ ಬ್ರಾಡ್‌ವೇ ನಾಟಕವೊಂದರಲ್ಲಿ ಸ್ಕ್ರೂಜ್ ಪಾತ್ರ ಮಾಡುತ್ತಿದ್ದಾನೆ, ನಾವು ಆ ನಾಟಕ ನೋಡುತ್ತಿದ್ದೇವೆ, ಹೀಗೆ ಸಾಗುತ್ತದೆ. ಇದರಲ್ಲಿ ಇಂದಿನ ಕ್ರಿಸ್ಮಸ್ಸಿನ ಭೂತ ಮೊದಲು ಬರುತ್ತದೆ, ಹಿಂದಿನದು ಆಮೇಲೆ. ಸ್ಕ್ರೂಜ್‌ನ ಸೋದರಳಿಯ ಫ್ರೆಡ್ ಇಲ್ಲವೇ ಇಲ್ಲ.

ಈ ಅದಲುಬದಲು ನನಗೆ ಒಪ್ಪಿಗೆಯಿಲ್ಲ. ಯಾಕೆ ಹೇಳುತ್ತೇನೆ. ಪುಸ್ತಕದಲ್ಲಿ ಮೊದಲ ಭೂತ ಸ್ಕ್ರೂಜ್‌ನನ್ನು ಅವನ ಹಳೇ ಶಾಲೆಗೆ ಕರೆದುಕೊಂಡು ಹೋಗುತ್ತದೆ. ಎಲ್ಲ ಹುಡುಗರೂ ರಜೆಗೆ ಮನೆಗೆ ಹೋಗಿದ್ದಾರೆ. ಒಬ್ಬ ಹುಡುಗ ಮಾತ್ರ ಮಂಕು ಬೆಂಕಿಯ ಪಕ್ಕ ಓದುತ್ತ ಕೂತಿದ್ದಾನೆ. ಸ್ಕ್ರೂಜ್‌ಗೆ ತನ್ನನ್ನೇ ನೋಡಿ ಅಳು ಬರುತ್ತದೆ. ಕಣ್ಣೊರೆಸಿಕೊಂಡು ಹೇಳುತ್ತಾನೆ: ನಿನ್ನೆ ರಾತ್ರಿ ನನ್ನ ಬಾಗಿಲಲ್ಲಿ ಒಬ್ಬ ಹುಡುಗ ಕ್ಯಾರಲ್ ಹಾಡುತ್ತಿದ್ದ, ಅವನಿಗೆ ಏನಾದರೂ ಕೊಡಬೇಕಿತ್ತು. ಅಷ್ಟೇ. ಕಲ್ಲು ಬಿರುಕು ಬಿಡುವ ಮೊದಲ ಸದ್ದು ಇದು. ತನ್ನ ಬಾಲ್ಯ ನೆನಪಾದ ಮೇಲೆ ಅವನಿಗೆ ಬೇರೆಯವರ ಮಗು ಕಾಣಲು ಶುರುವಾಗುತ್ತದೆ. ಮಗೂ ಚಿತ್ರದಲ್ಲಿ ಬೇರೆಯವರ ಮಗು ಮೊದಲು, ತನ್ನ ಬಾಲ್ಯ ಆಮೇಲೆ. ಮೆಟ್ಟಿಲು ಹತ್ತುವ ಮೊದಲೇ ಅಟ್ಟ ತಲುಪಿದ ಹಾಗೆ.

ಹಾಗಂತ ಆ ಚಿತ್ರವನ್ನು ತಳ್ಳಿಹಾಕಬೇಡಿ. ಜೂಲ್ ಸ್ಟೈನ್ ಮತ್ತು ಬಾಬ್ ಮೆರಿಲ್ ಮಾಡಿದ ಹಾಡುಗಳಿಗಾಗಿಯಾದರೂ ನೋಡಬೇಕು. ಖಾಲಿ ಶಾಲೆಯಲ್ಲಿ ಹುಡುಗ ಒಂಟಿತನದ ಹಾಡು ಹಾಡುತ್ತಾನೆ. ಪಕ್ಕದಲ್ಲೇ ನಿಂತ ಮುದುಕ ಸ್ಕ್ರೂಜ್ ಮೆಲ್ಲಗೆ ದನಿಗೂಡಿಸುತ್ತಾನೆ. ಹುಡುಗನಿಗೆ ಮುದುಕ ಕಾಣುವುದಿಲ್ಲ, ಕೇಳಿಸುವುದೂ ಇಲ್ಲ. ಒಬ್ಬನೇ ಮನುಷ್ಯನ ಎರಡು ವಯಸ್ಸು ಒಂದೇ ಹಾಡನ್ನು ಹಾಡುತ್ತವೆ. ಡಿಕನ್ಸ್ ಪುಟದಲ್ಲಿ ಮಾಡಲಾಗದ್ದನ್ನು ಇಲ್ಲಿ ಕಾರ್ಟೂನ್ ಮಾಡಿದೆ.

ಈಗ ನಿಮ್ಮ ಮಗನನ್ನು ಹೆದರಿಸಿದ ಚಿತ್ರ. ಮೂರರಲ್ಲಿ ಮೂಲಕ್ಕೆ ಹತ್ತಿರದ್ದು ಇದೇ, ಅದೂ ಅರ್ಧ ಗಂಟೆಯೊಳಗೆ ಭೂತಗಳನ್ನೆಲ್ಲ ತೋರಿಸಿ ಮುಗಿಸುವ ಚಿತ್ರ. ರಿಚರ್ಡ್ ವಿಲಿಯಮ್ಸ್ ನಿರ್ದೇಶಕ. ಮುಂದೆ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಚಿತ್ರದ ಅನಿಮೇಶನ್ ಮಾಡಿದ್ದೂ ಇವನೇ. ಸ್ಕ್ರೂಜ್‌ಗೆ ದನಿ ಅಲಸ್ಟೇರ್ ಸಿಮ್, ಮಾರ್ಲಿಗೆ ಮೈಕೆಲ್ ಹಾರ್ಡರ್ನ್. 1951ರ ಬ್ರಿಟಿಷ್ ಸಿನಿಮಾದಲ್ಲಿ ಅದೇ ಪಾತ್ರಗಳನ್ನು ಮಾಡಿದ್ದವರು ಇಪ್ಪತ್ತು ವರ್ಷದ ಮೇಲೆ ಬರೀ ದನಿಯಲ್ಲಿ ಮತ್ತೆ ಬಂದರು. ಚಿತ್ರ ಮೊದಲು ಟಿವಿಯಲ್ಲಿ ಬಂತು, ಆಮೇಲೆ ಥಿಯೇಟರಿಗೆ ಹೋಯಿತು, 1972ರ ಸಾಲಿನ ಕಿರು ಅನಿಮೇಶನ್ ಆಸ್ಕರ್ ಗೆದ್ದಿತು. ಟಿವಿಯಲ್ಲಿ ಬಂದ ಚಿತ್ರಕ್ಕೆ ಆಸ್ಕರ್ ಹೇಗೆ ಕೊಟ್ಟಿರಿ ಎಂದು ಗಲಾಟೆಯಾಗಿ, ಮುಂದೆ ಹಾಗಾಗದಂತೆ ನಿಯಮವನ್ನೇ ಬದಲಿಸಿದರು.

ನೀವು ‘ಗೀಚಿ ಗೀಚಿ ಬರೆದದ್ದು’ ಅಂದಿರಲ್ಲ, ಸರಿಯಾಗಿಯೇ ಗುರುತಿಸಿದ್ದೀರಿ. ಜಾನ್ ಲೀಚ್‌ನಂಥವರ 19ನೇ ಶತಮಾನದ ಅಚ್ಚಿನ ಚಿತ್ರಗಳಲ್ಲಿ ನೆರಳು ತೋರಿಸಲು ಅಡ್ಡಗೆರೆಯ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. ವಿಲಿಯಮ್ಸ್‌ಗೆ ಅದೇ ಬೇಕಿತ್ತು. ಪುಸ್ತಕದಲ್ಲಾದರೆ ಒಂದು ಚಿತ್ರಕ್ಕೆ ಒಮ್ಮೆ ಎಳೆದರೆ ಮುಗಿಯಿತು. ಇಲ್ಲಿ ಪಾತ್ರ ತಲೆ ತಿರುಗಿಸಿದರೆ ಪ್ರತಿ ಚಿತ್ರದಲ್ಲೂ ಅಷ್ಟೂ ಗೆರೆಗಳನ್ನು ಮತ್ತೆ ಎಳೆಯಬೇಕು. ನೂರು ಗೆರೆಯೂ ಕೂದಲೆಳೆಯಷ್ಟು ಅತ್ತಿತ್ತ ಆಗುತ್ತವೆ. ಅದಕ್ಕೇ ತೆರೆಯ ಮೇಲೆ ನೆರಳು ಸದಾ ಸ್ವಲ್ಪ ಮಿಣುಗುಡುತ್ತಿರುತ್ತದೆ, ಮೇಣದ ಬತ್ತಿಯ ಬೆಳಕಿನ ಹಾಗೆ. ಹೆದರಿಕೆಯ ಅರ್ಧ ಅಲ್ಲೇ ಇದೆ. ದವಡೆ ಜೋತುಬೀಳುವುದಕ್ಕೆ ಮೊದಲೇ ಆ ಕೋಣೆ ನಿಮ್ಮ ಮಗನನ್ನು ತಯಾರು ಮಾಡಿ ಇಟ್ಟಿತ್ತು.

ಹಿಂದಿನ ಕ್ರಿಸ್ಮಸ್ಸಿನ ಭೂತವನ್ನು ಇನ್ನೊಮ್ಮೆ ನೋಡಿ, ಬೇಕಾದರೆ ದನಿ ನಿಲ್ಲಿಸಿ. ಡಿಕನ್ಸ್ ಪ್ರಕಾರ ಅದು ಮಗುವಿನ ಹಾಗೂ ಇದೆ, ಮುದುಕನ ಹಾಗೂ ಇದೆ. ನೆತ್ತಿಯಿಂದ ಬೆಳಕು ಚಿಮ್ಮುತ್ತದೆ. ಒಂದು ಕ್ಷಣ ಒಂದೇ ಕೈ, ಮರುಕ್ಷಣ ಒಂದೇ ಕಾಲು, ಇನ್ನೊಂದು ಕ್ಷಣಕ್ಕೆ ತಲೆಯೇ ಇಲ್ಲ. ನೆನಪು ಅಂದರೆ ಹಾಗೇ ತಾನೆ? ನಟರನ್ನು ನಿಲ್ಲಿಸಿ ತೆಗೆಯುವ ಸಿನಿಮಾಗಳು ಸುಲಭದ ದಾರಿ ಹಿಡಿದು ಬಿಳಿ ಬಟ್ಟೆಯ ಒಬ್ಬರನ್ನು ತಂದು ನಿಲ್ಲಿಸುತ್ತವೆ. ವಿಲಿಯಮ್ಸ್ ಒಂದೇ ಮುಖವನ್ನು ಹಲವು ಮುಖಗಳಾಗಿ ಒಂದರ ಮೇಲೊಂದು ಅದುರುವಂತೆ ಬರೆಸಿದ. 2009ರ ಕಂಪ್ಯೂಟರ್ ಅನಿಮೇಶನ್ ಚಿತ್ರ ಅದನ್ನೇ ಮೇಣದ ಬತ್ತಿಯ ಉರಿಯಾಗಿ ಮಾಡಿತು, ಅದೂ ಚೆನ್ನಾಗಿದೆ. ಈ ಕಥೆ ಮತ್ತೆ ಮತ್ತೆ ಅನಿಮೇಶನ್‌ಗೆ ಬರುವುದು ಸುಮ್ನೆ ಮಕ್ಕಳಿಗೆ ಅಂತಲ್ಲ. ಡಿಕನ್ಸ್ ಬರೆದದ್ದರಲ್ಲಿ ಅರ್ಧವನ್ನು ಬರೆದೇ ತೋರಿಸಬೇಕು.

ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಕನ್ನಡದಲ್ಲಿ ಈ ಕಥೆ ಹೇಳುವಾಗ ‘ಭೂತ’ ಅನ್ನುವ ಮಾತು ಚೆನ್ನಾಗಿ ಕೂರುತ್ತದೆ. ಭೂತ ಅಂದರೆ ದೆವ್ವ, ಕಳೆದುಹೋದ ಕಾಲವೂ ಭೂತವೇ. ಮೊದಲನೆಯದು ಹೆಸರಿಗೆ ತಕ್ಕ ಹಾಗೆ ಭೂತಕಾಲದ ಭೂತ. ಎರಡನೆಯದು, ಹಸಿರು ನಿಲುವಂಗಿ ತೊಟ್ಟು ಊಟದ ರಾಶಿಯ ಮೇಲೆ ಕೂತು ನಗುವ ದೈತ್ಯ, ದೆವ್ವದಂತಿಲ್ಲ. ಕರಾವಳಿಯವರು ಭೂತ ಅಂದಾಗ ಮನಸ್ಸಿಗೆ ಬರುತ್ತದಲ್ಲ, ಮನೆಗೆ ಬಂದು ತಪ್ಪು ಕೇಳಿ ಹರಸಿ ಹೋಗುವ ಶಕ್ತಿ, ಆ ಅರ್ಥಕ್ಕೆ ಹತ್ತಿರ. ಮಗನಿಗೆ ಹೀಗೆ ಬಿಡಿಸಿ ಹೇಳಿದರೆ ಅರ್ಧ ಭಯ ಇಳಿಯುತ್ತದೆ.

ಮಿಕ್ಕಿಯ ಚಿತ್ರ 1983ರದ್ದು, 26 ನಿಮಿಷ. ಮೊದಲು ಥಿಯೇಟರಿಗೆ ಬಂದು ಆಮೇಲೆ ಟಿವಿಯ ಹಬ್ಬದ ಸಾಮಾನಾಯಿತು. ಅದಕ್ಕೆ ಮೂಲ 1974ರ ಒಂದು ಧ್ವನಿ ಆಲ್ಬಂ. ಹೆಸರು ಮಿಕ್ಕಿಯದಾದರೂ ಅವನು ಇಲ್ಲಿ ಬಡ ಗುಮಾಸ್ತ ಬಾಬ್, ಸ್ವಲ್ಪ ಹೊತ್ತು ಮಾತ್ರ ಇರುತ್ತಾನೆ. ನಾಯಕ ಸ್ಕ್ರೂಜ್ ಮೆಕ್‌ಡಕ್. ಈ ಬಾತುಕೋಳಿಯನ್ನು ಕಾಮಿಕ್ ಚಿತ್ರಕಾರ ಕಾರ್ಲ್ ಬಾರ್ಕ್ಸ್ 1947ರಲ್ಲಿ ಒಂದು ಕ್ರಿಸ್ಮಸ್ ಕಾಮಿಕ್‌ಗಾಗಿ ಹುಟ್ಟಿಸಿದ್ದು, ಹೆಸರಿಟ್ಟಿದ್ದು ಡಿಕನ್ಸ್‌ನ ಸ್ಕ್ರೂಜ್‌ನದೇ. ಮೂವತ್ತಾರು ವರ್ಷ ಆ ಹೆಸರು ಹೊತ್ತು ತಿರುಗಿದವನಿಗೆ ಕೊನೆಗೆ ಹೆಸರು ಕೊಟ್ಟವನ ಪಾತ್ರವೇ ಸಿಕ್ಕಿತು.

ಮಕ್ಕಳಿಗೆ ಪಾತ್ರಗಳು ಮೊದಲೇ ಗೊತ್ತಿರುವುದರಿಂದ ಪರಿಚಯ ಮಾಡಿಸುವ ಸಮಯ ಉಳಿಯುತ್ತದೆ. ಇದು ಜಾಣತನ. ಗೂಫಿ ಬಂದರೆ ಮಗು ನಗಲು ತಯಾರು, ಡಿಸ್ನಿಯ ಖಳ ಪೀಟ್ ಬಂದರೆ ಹೆದರಲು ತಯಾರು. ಒಂದೂ ಮಾತು ಬೇಕಾಗಿಲ್ಲ.

ಆದರೆ ಕಥೆಯ ಸಿಟ್ಟು ಎಲ್ಲಿ ಹೋಯಿತು ನೋಡಿ. ಪುಸ್ತಕದಲ್ಲಿ ಇಬ್ಬರು ಬಡವರಿಗಾಗಿ ಚಂದಾ ಕೇಳಲು ಬರುತ್ತಾರೆ. ಸ್ಕ್ರೂಜ್ ಕೇಳುತ್ತಾನೆ: ಜೈಲುಗಳಿಲ್ಲವೇ? ವರ್ಕ್‌ಹೌಸ್‌ಗಳಿಲ್ಲವೇ? ಅಲ್ಲಿಗೆ ಹೋಗುವುದಕ್ಕಿಂತ ಸಾಯುವುದೇ ಮೇಲು ಅನ್ನುವವರಿದ್ದಾರೆ ಎಂದರೆ, ಸಾಯಲಿ, ಹೆಚ್ಚಾದ ಜನಸಂಖ್ಯೆಯಾದರೂ ಇಳಿಯುತ್ತದೆ ಅನ್ನುತ್ತಾನೆ. ವರ್ಕ್‌ಹೌಸ್ ಅಂದರೆ 1834ರ ಕಾನೂನು ಬಂದಮೇಲೆ ಇಂಗ್ಲೆಂಡಿನಲ್ಲಿ ಬಡವರನ್ನು ತುಂಬುತ್ತಿದ್ದ ಜಾಗ, ಗಂಡ ಹೆಂಡತಿ ಮಕ್ಕಳನ್ನು ಬೇರೆ ಬೇರೆ ಇಟ್ಟು ದುಡಿಸುತ್ತಿದ್ದರು. ಡಿಕನ್ಸ್ ಈ ಮಾತನ್ನು ಕಲ್ಪಿಸಿ ಬರೆದದ್ದಲ್ಲ, ಆಗಿನ ದೊಡ್ಡವರು ಹಾಗೇ ಮಾತಾಡುತ್ತಿದ್ದರು. ಆತ ಹನ್ನೆರಡನೇ ವಯಸ್ಸಿನಲ್ಲಿ, ಅಪ್ಪ ಸಾಲಕ್ಕೆ ಜೈಲು ಸೇರಿದಾಗ, ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದವನು. ಕಥೆ ಬರೆದ 1843ರಲ್ಲೇ ಲಂಡನ್ನಿನ ಫೀಲ್ಡ್ ಲೇನ್‌ನಲ್ಲಿದ್ದ ಬಡ ಮಕ್ಕಳ ಶಾಲೆಗೆ ಹೋಗಿ ನೋಡಿ ಬಂದಿದ್ದ. ಎರಡನೇ ಭೂತದ ನಿಲುವಂಗಿಯ ಕೆಳಗಿಂದ ಎಲುಬು ಗೂಡಾದ ಎರಡು ಮಕ್ಕಳು ಹೊರಬರುತ್ತವೆ. ಅಜ್ಞಾನ ಮತ್ತು ಕೊರತೆ ಎಂದು ಅವುಗಳ ಹೆಸರು. ಇವಕ್ಕೆ ಗತಿಯಿಲ್ಲವೇ ಎಂದು ಸ್ಕ್ರೂಜ್ ಕೇಳಿದಾಗ ಭೂತ ಅವನದೇ ಮಾತನ್ನು ತಿರುಗಿಸಿ ಹೊಡೆಯುತ್ತದೆ: ಜೈಲುಗಳಿಲ್ಲವೇ? ವರ್ಕ್‌ಹೌಸ್‌ಗಳಿಲ್ಲವೇ?

ವಿಲಿಯಮ್ಸ್ ಆ ಮಕ್ಕಳನ್ನು ಉಳಿಸಿಕೊಂಡ. ಮಿಕ್ಕಿ ಚಿತ್ರದಲ್ಲಿ ಅವರಿಲ್ಲ. ಚಂದಾ ಕೇಳುವ ದೃಶ್ಯ ಅಲ್ಲಿ ಮಾತಿನ ಚಮತ್ಕಾರವಾಗಿದೆ. ಬಡವರಿಗೆ ದುಡ್ಡು ಕೊಟ್ಟರೆ ಅವರು ಬಡವರಾಗಿ ಉಳಿಯುವುದಿಲ್ಲ, ಆಗ ಚಂದಾ ಎತ್ತುವ ನಿಮ್ಮ ಕೆಲಸ ಹೋಗುತ್ತದೆ, ಹಬ್ಬದ ದಿನ ನಿಮ್ಮ ಕೆಲಸ ಕಳೆಯಲಾರೆ ಅನ್ನುತ್ತಾನೆ ಬಾತುಕೋಳಿ. ನಗು ಬರುತ್ತದೆ, ನನಗೂ ಬರುತ್ತದೆ. ಆದರೆ ಆ ಜಾಗದಲ್ಲಿ ಡಿಕನ್ಸ್ ನಗಿಸಲು ಕೂತಿರಲಿಲ್ಲ.

ಹಾಗಾದರೆ ಮಿಕ್ಕಿ ಚಿತ್ರ ಕಳಪೆಯೇ? ಅಲ್ಲ. ಒಂದು ಕಡೆ ಅವರು ಮಾಡಿದ ಕತ್ತರಿ ಕೆಲಸವನ್ನು ನಾನು ಇವತ್ತಿಗೂ ಹುಡುಗರಿಗೆ ಪಾಠ ಮಾಡುವಾಗ ತೋರಿಸುತ್ತೇನೆ. ಪುಸ್ತಕದಲ್ಲಿ, ಕ್ರ್ಯಾಚಿಟ್ ಮನೆಯ ಊಟದ ಹೊತ್ತಿಗೆ, ಕುಂಟುವ ಮಗು ಟೈನಿ ಟಿಮ್ ಬದುಕುತ್ತಾನೋ ಎಂದು ಸ್ಕ್ರೂಜ್ ಕೇಳುತ್ತಾನೆ. ಒಲೆಯ ಮೂಲೆಯಲ್ಲಿ ಖಾಲಿ ಕುರ್ಚಿಯೂ, ಯಜಮಾನನಿಲ್ಲದ, ಜೋಪಾನವಾಗಿ ಎತ್ತಿಟ್ಟ ಊರುಗೋಲೂ ಕಾಣುತ್ತಿದೆ ಎಂದು ಎರಡನೇ ಭೂತ ಹೇಳುತ್ತದೆ. ಬರೀ ಒಂದು ಸಾಲು. ಮುಂದೆ ಮೂರನೇ ಭೂತ ಬಂದಾಗ ಟಿಮ್ ಸತ್ತ ಮನೆಯನ್ನು ಡಿಕನ್ಸ್ ಪುಟಗಟ್ಟಲೆ ಬರೆಯುತ್ತಾನೆ: ಹೊಲಿಗೆ ಹಾಕುತ್ತಿರುವ ತಾಯಿ, ನಿಧಾನವಾಗಿ ನಡೆದು ಬರುವ ಬಾಬ್, ಮಾತಾಡಲಾರದ ಮಕ್ಕಳು. ಇಷ್ಟಕ್ಕೆ ಮಿಕ್ಕಿ ಚಿತ್ರದಲ್ಲಿ ಸಮಯವಿಲ್ಲ. ಅವರು ಏನು ಮಾಡಿದರು? ಸ್ಮಶಾನದಲ್ಲಿ ಬಾಬ್ ಒಂದು ಸಣ್ಣ ಸಮಾಧಿಯ ಮುಂದೆ ನಿಂತಿದ್ದಾನೆ. ಕಣ್ಣಲ್ಲಿ ನೀರು. ಕೈಯಲ್ಲಿದ್ದ ಪುಟ್ಟ ಊರುಗೋಲನ್ನು ಕಲ್ಲಿಗೆ ಒರಗಿಸುತ್ತಾನೆ. ಮಾತಿಲ್ಲ. ಎರಡನೇ ಭೂತದ ಬಾಯಲ್ಲಿದ್ದ ಒಂದು ಸಾಲನ್ನು ಎತ್ತಿ ಮೂರನೇ ಭೂತದ ಜಾಗಕ್ಕೆ ಇಟ್ಟು, ಪುಟಗಟ್ಟಲೆ ಅಳುವನ್ನು ಕೆಲವೇ ಸೆಕೆಂಡಿನಲ್ಲಿ ಮುಗಿಸಿದರು. ಕತ್ತರಿ ಅಂದರೆ ಇದು.

ನನಗೆ ಈ ದೃಶ್ಯದ ಬೆಲೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಹೊರದೇಶದ ಒಂದು ಚಾನೆಲ್‌ಗಾಗಿ 22 ನಿಮಿಷದ ಹಬ್ಬದ ಕಾರ್ಟೂನ್ ಮಾಡುತ್ತಿದ್ದೆವು, ಅದೂ ಒಂದು ಹಳೇ ಕಥೆಯದು. ನಡುವೆ ಒಂದು ಮಗು ಅಜ್ಜಿಯ ಖಾಲಿ ಮಂಚ ನೋಡುವ ಒಂದೂವರೆ ನಿಮಿಷ ಇತ್ತು. ಆ ಕಡೆಯವರು ಸ್ಟೋರಿಬೋರ್ಡ್ ಮೇಲೆ ‘ಹಬ್ಬಕ್ಕೆ ಅಳು ಬೇಡ’ ಎಂದು ಬರೆದು ಕಳಿಸಿದರು. ತೆಗೆದೆವು. ಆ ಜಾಗಕ್ಕೆ ಹಿಮದಲ್ಲಿ ಜಾರುವ ಆಟ ತುಂಬಿದೆವು. ಮಕ್ಕಳನ್ನು ಕೂರಿಸಿ ತೋರಿಸಿದಾಗ ಜಾರುವಾಟಕ್ಕೆ ಚಪ್ಪಾಳೆ ಬಿತ್ತು. ಕೊನೆಯಲ್ಲಿ ಎಲ್ಲರೂ ತಬ್ಬಿಕೊಳ್ಳುವ ದೃಶ್ಯಕ್ಕೆ ಅರ್ಧ ಮಕ್ಕಳು ಚಿಪ್ಸ್ ಪೊಟ್ಟಣ ಬಿಚ್ಚುತ್ತಿದ್ದರು. ಏನು ಕಳೆದುಹೋಗಿತ್ತು ಎಂದು ಅವರಿಗೆ ನಾವು ತೋರಿಸಿರಲಿಲ್ಲ, ಸಿಕ್ಕಿದಾಗ ಅವರು ಯಾಕೆ ಖುಷಿಪಡಬೇಕು?

ಕೊನೆಯ ಭಾಗದಲ್ಲೂ ಒಂದು ಬದಲಾವಣೆ ಇದೆ. ಪುಸ್ತಕದ ಸ್ಕ್ರೂಜ್ ಕ್ರಿಸ್ಮಸ್ ಬೆಳಗ್ಗೆ ಬಾಬ್ ಮನೆಗೆ ಹೋಗುವುದೇ ಇಲ್ಲ. ದೊಡ್ಡ ಟರ್ಕಿ ಕೋಳಿಯೊಂದನ್ನು ಹೆಸರು ಹೇಳದೆ ಕಳಿಸುತ್ತಾನೆ, ತಾನು ಫ್ರೆಡ್ ಮನೆಗೆ ಊಟಕ್ಕೆ ಹೋಗುತ್ತಾನೆ. ಫ್ರೆಡ್ ಮನೆಯ ಬಾಗಿಲ ಮುಂದೆ ಹತ್ತಾರು ಸಲ ಅತ್ತಿತ್ತ ನಡೆದಾಡಿದ ಮೇಲೆ ಬಾಗಿಲು ತಟ್ಟುವ ಧೈರ್ಯ ಬರುತ್ತದೆ. ಮರುದಿನ ಬೆಳಗ್ಗೆ ಆಫೀಸಿನಲ್ಲಿ ಬಾಬ್ ಹದಿನೆಂಟೂವರೆ ನಿಮಿಷ ತಡವಾಗಿ ಬಂದಾಗ, ಬೈಯುವ ನಾಟಕ ಮಾಡಿ ಸಂಬಳ ಏರಿಸುತ್ತಾನೆ. ಮಿಕ್ಕಿ ಚಿತ್ರ ಎರಡನ್ನೂ ಸೇರಿಸಿ, ಸ್ಕ್ರೂಜ್‌ನನ್ನು ಮೂಟೆ ಹೊರಿಸಿ ಬಾಬ್ ಮನೆಗೇ ಕಳಿಸಿತು. ಸಮಯ ಉಳಿಯಿತು, ಎಲ್ಲರೂ ಒಂದೇ ಕೋಣೆಗೆ ಬಂದರು. ಸರಿಯೇ. ಆದರೆ ಬಾಗಿಲ ಮುಂದೆ ನಡೆದಾಡುವ ಆ ನಾಚಿಕೆಯ ಮುದುಕನನ್ನು ನಾನು ಬಿಟ್ಟುಕೊಡಲಾರೆ.

ಈಗ ತೋರಿಸುವ ಕ್ರಮ. ಆರೇಳು ವರ್ಷಕ್ಕೆ ಮಿಕ್ಕಿಯದು ಸಾಕು. ಅದರಲ್ಲೂ ಕೊನೆಯ ಸಮಾಧಿಯ ದೃಶ್ಯದಲ್ಲಿ, ಗುಂಡಿಯಿಂದ ಬೆಂಕಿ ಏಳುವಾಗ, ಪಕ್ಕದಲ್ಲಿ ನೀವಿರಿ. ಹಾಡು ಇಷ್ಟಪಡುವ ಮಗುವಾದರೆ ಮಗೂ. ವಿಲಿಯಮ್ಸ್ ಚಿತ್ರವನ್ನು ನಾನಾದರೆ ಒಂಬತ್ತು ಹತ್ತು ವರ್ಷಕ್ಕೆ ತೆಗೆದಿಡುತ್ತೇನೆ. ನಿಮ್ಮ ಮಗ ಈಗಾಗಲೇ ನೋಡಿಬಿಟ್ಟಿದ್ದಾನೆ, ಅದಕ್ಕೆ ಬೇಜಾರು ಬೇಡ. ಹಗಲಲ್ಲಿ ಅದೇ ದೃಶ್ಯ ತೆಗೆದು, ಭೂತ ಬಟ್ಟೆ ಬಿಚ್ಚುವ ಮುಂಚೆ ನಿಲ್ಲಿಸಿ. ಆ ಬಟ್ಟೆ ಯಾಕೆ ಕಟ್ಟುತ್ತಾರೆ ಎಂದು ಹೇಳಿ. ಆಮೇಲೆ ಒಂದೊಂದೇ ಫ್ರೇಮ್ ಮುಂದೆ ಒತ್ತಲು ರಿಮೋಟನ್ನು ಅವನ ಕೈಗೆ ಕೊಡಿ. ಒಬ್ಬರು ಕೂತು ಪೆನ್ಸಿಲ್‌ನಲ್ಲಿ ಬರೆದ ಬಾಯಿ ಅದು ಎಂದು ಅವನೇ ಕಂಡುಕೊಳ್ಳುತ್ತಾನೆ.

ಸ್ಕ್ರೂಜ್ ಮಾತು ಮಾತಿಗೆ ಅನ್ನುವ ‘ಹಂಬಗ್’ ಏನು ಎಂದು ಮಕ್ಕಳು ಕೇಳುತ್ತಾರೆ. ಬೂಟಾಟಿಕೆ, ಮೋಸ ಎಂದು ಅರ್ಥ. ನಾನು ಕಥೆ ಹೇಳುವಾಗ ‘ಥೂ, ಎಲ್ಲ ಬೊಗಳೆ!’ ಅನ್ನುತ್ತೇನೆ. ಹಬ್ಬ ಅಂದರೆ ಬೊಗಳೆ, ಮದುವೆ ಅಂದರೆ ಬೊಗಳೆ. ಮಕ್ಕಳು ಅದನ್ನೇ ಹಿಡಿದುಕೊಂಡು ವಾರವಿಡೀ ಮನೆಯಲ್ಲಿ ಓಡಾಡುತ್ತಾರೆ, ತಯಾರಾಗಿರಿ.

ಕಷ್ಟದ ಪ್ರಶ್ನೆಗಳೂ ಬರುತ್ತವೆ. ಗೋವಿನ ಹಾಡು ಬಾಯಿಪಾಠ ಇರುವ ನನ್ನ ಅಕ್ಕನ ಮೊಮ್ಮಗಳು ಮಿಕ್ಕಿ ಚಿತ್ರ ಮುಗಿದ ಮೇಲೆ ಕೇಳಿದಳು: “ತಾತ, ಹುಲಿಗೆ ತಪ್ಪು ಗೊತ್ತಾದ ತಕ್ಷಣ ಬೆಟ್ಟದಿಂದ ಹಾರಿ ಸತ್ತೋಯ್ತು. ಈ ಬಾತುಕೋಳಿ ಯಾಕೆ ಸಾಯಲಿಲ್ಲ?” ನಾನು ಸ್ವಲ್ಪ ಹೊತ್ತು ತಡವರಿಸಿದೆ. ಅವಳೇ ಆಮೇಲೆ ಹೇಳಿದಳು: “ಸತ್ತರೆ ಸಂಬಳ ಯಾರು ಕೊಡ್ತಾರೆ ಅಲ್ವಾ?”

ಇನ್ನು ಪುಸ್ತಕ. ಪೂರ್ತಿ ಓದಿಸಲು ಹೋಗಬೇಡಿ, ಏಳು ವರ್ಷಕ್ಕೆ ಆ ಇಂಗ್ಲಿಷ್ ಭಾರ. ಕೊನೆಯ ನುಡಿಯನ್ನು ಮಾತ್ರ ನೀವು ಓದಿಕೊಂಡು ಕನ್ನಡದಲ್ಲಿ ಹೇಳಿ, ಹದಿನೈದು ನಿಮಿಷ ಸಾಕು. ಅಲ್ಲಿ ಟಿಮ್ ಸಾಯಲಿಲ್ಲ ಎಂದು ಒಂದು ಸಾಲಿದೆ, ‘ಇಲ್ಲ’ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಮಕ್ಕಳಿಗೆ ಉಳಿಯುವ ಪ್ರಶ್ನೆಯೇ ಅದು: ಆ ಸಮಾಧಿ ನಿಜವಾ, ಟಿಮ್ ಏನಾದ? ನಿಮ್ಮ ಮಗ ಕೇಳಿದರೆ ಆ ಸಾಲನ್ನು ತೋರಿಸಿ. ಡಿಕನ್ಸ್‌ನ ಕೈಬರಹದ ಪ್ರತಿಯಲ್ಲಿ ಅದು ಇಲ್ಲ. ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಸೇರಿಸಿದ್ದು.